ಚೆಂಡು ಎಲ್ಲಿ ನಿಲ್ಲುತ್ತಿದೆ?

ಕೇಳುಗರಿಗೆ ನಮಸ್ಕಾರ.

ಬ್ಯಾಸ್ಕೆಟ್‌ಬಾಲ್ ತಂಡವೊಂದು ಮೇಲಿಂದ ಮೇಲೆ ಸೋಲತೊಡಗಿದರೆ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಕೋಚ್ ಹಟಮಾರಿ, ತನ್ನ ಪದ್ಧತಿಯನ್ನೇ ಹಿಡಿದು ಕುಳಿತಿದ್ದಾರೆ ಎಂಬುದು ಒಂದು. ಪದ್ಧತಿ ಸರಿಯಾಗಿಯೇ ಇದೆ, ಆಟಗಾರರಿಗೆ ಅದನ್ನು ಆಡಲು ಬರುತ್ತಿಲ್ಲ ಎಂಬುದು ಇನ್ನೊಂದು. ಈ ವಾದ ಎಷ್ಟು ಹಳೆಯದೋ ಅಷ್ಟೇ ಅವಸರದ್ದು. ಅಂಕಣದಲ್ಲಿ ನಿಜವಾಗಿ ಏನು ನಡೆಯುತ್ತಿದೆ ಎಂಬುದನ್ನು ನೋಡುವ ಮೊದಲೇ ಎರಡೂ ಕಡೆಯವರು ತೀರ್ಪು ಕೊಟ್ಟುಬಿಟ್ಟಿರುತ್ತಾರೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಸೋಲುತ್ತಿರುವ ತಂಡದ ಕೋಚ್ ತನ್ನ ಆಕ್ರಮಣದ ಪದ್ಧತಿಯನ್ನು ತನ್ನ ಬಳಿ ಇರುವ ಆಟಗಾರರಿಗೆ ಒಗ್ಗಿಸಿಕೊಳ್ಳಲೇಬೇಕು. ಆದರೆ ಏನನ್ನು ಬದಲಿಸಬೇಕು ಎಂಬುದನ್ನು ಸ್ಕೋರ್‌ಬೋರ್ಡ್ ಹೇಳುವುದಿಲ್ಲ, ಚೆಂಡು ಹೇಳುತ್ತದೆ.

ಅದು ಹೇಗೆ ಎಂಬುದಕ್ಕೆ ಒಂದೇ ಒಂದು ದಾಳಿಯನ್ನು ಹತ್ತಿರದಿಂದ ನೋಡೋಣ. ಎಸೆಯಲು ಉಳಿದಿರುವ ಸಮಯ ತೋರಿಸುವ ಶಾಟ್ ಕ್ಲಾಕ್‌ನಲ್ಲಿ 24 ಸೆಕೆಂಡುಗಳಿವೆ. ಆಟವನ್ನು ನಡೆಸುವ ಗಾರ್ಡ್ ಚೆಂಡನ್ನು ಪುಟಿಸುತ್ತ ಮಧ್ಯರೇಖೆ ದಾಟಿ ಬರುತ್ತಾನೆ. ರೆಕ್ಕೆಯ ಕಡೆಗೆ, ಅಂದರೆ ಅಂಕಣದ ಪಕ್ಕಕ್ಕೆ, ಹೋಗಬೇಕಾದ ಮೊದಲ ಪಾಸ್‌ಗೆ ಎದುರಾಳಿ ಕೈ ಅಡ್ಡ ಇಟ್ಟಿದ್ದಾನೆ. ಗಾರ್ಡ್ ಕಾಯುತ್ತಾನೆ, ಇನ್ನೊಂದು ಸಲ ಪುಟಿಸುತ್ತಾನೆ, ಮತ್ತೆ ಕಾಯುತ್ತಾನೆ. ಪಾಸ್ ತಲುಪುವ ಹೊತ್ತಿಗೆ 12 ಸೆಕೆಂಡುಗಳು ಉಳಿದಿವೆ. ರಿಂಗ್‌ಗೆ ಬೆನ್ನು ಹಾಕಿ ನಿಂತ ಸೆಂಟರ್, ಅಂದರೆ ರಿಂಗ್‌ನ ಬಳಿ ಆಡುವ ಎತ್ತರದ ಆಟಗಾರ, ಕೈ ಎತ್ತಿ ಚೆಂಡು ಕೇಳುತ್ತಾನೆ, ಆದರೆ ಅವನ ಬದಿಯಲ್ಲೇ ಇನ್ನೊಬ್ಬ ಜೊತೆಗಾರ ನಿಂತಿರುವುದರಿಂದ ಇಬ್ಬರು ಎದುರಾಳಿಗಳೂ ಅಲ್ಲೇ ಇದ್ದಾರೆ. ಕೊನೆಗೆ ನಾಲ್ಕು ಸೆಕೆಂಡುಗಳಿರುವಾಗ ಯಾರೋ ಒಬ್ಬ ತೋಳುಗಳ ಗೋಡೆಯ ಮೇಲಿಂದ ಎಸೆಯುತ್ತಾನೆ. ಪ್ರೇಕ್ಷಕರಿಗೆ ನೆನಪಿರುವುದು ಆ ಎಸೆತ, ಪತ್ರಿಕೆಯಲ್ಲಿ ಬರುವುದೂ ಅದೇ. ದಾಳಿ ಸತ್ತದ್ದು ಮಾತ್ರ ಅದಕ್ಕಿಂತ ಹತ್ತು ಹನ್ನೆರಡು ಸೆಕೆಂಡು ಮೊದಲು, ಗಾರ್ಡ್‌ನ ಕೈಯಲ್ಲಿ. ಕೋಚ್ ಆದವರು ನೋಡಬೇಕಾದ ಜಾಗ ಅದು. ಹತ್ತು ಪಂದ್ಯಗಳ ದಾಳಿಗಳನ್ನು ಹೀಗೆ ಕುಳಿತು ನೋಡಿದರೆ ಚೆಂಡು ಪ್ರತಿ ಸಲವೂ ಒಂದೆರಡು ಜಾಗಗಳಲ್ಲೇ ನಿಲ್ಲುತ್ತಿರುವುದು ಕಣ್ಣಿಗೆ ಬೀಳುತ್ತದೆ.

ಹೀಗೆ ನೋಡದೆ ಫಲಿತಾಂಶವೊಂದನ್ನೇ ನೋಡಿದರೆ ಎಂತಹ ತಪ್ಪು ತೀರ್ಮಾನಕ್ಕೆ ಬರಬಹುದು ಎಂಬುದಕ್ಕೆ 2018ರ ಒಂದು ಪಂದ್ಯ ಸಾಕ್ಷಿ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಪಶ್ಚಿಮ ವಿಭಾಗದ ಫೈನಲ್‌ನ ಏಳನೆಯ ಪಂದ್ಯದಲ್ಲಿ ಹ್ಯೂಸ್ಟನ್ ರಾಕೆಟ್ಸ್ ತಂಡ ಗೋಲ್ಡನ್ ಸ್ಟೇಟ್ ವಾರಿಯರ್ಸ್ ವಿರುದ್ಧ ಅರ್ಧ ಆಟದ ಹೊತ್ತಿಗೆ 11 ಅಂಕಗಳಿಂದ ಮುಂದಿತ್ತು. ಆದರೆ ಎರಡನೆಯ ಕಾಲುಭಾಗದಿಂದಲೇ ಅದರ ಮೂರು ಅಂಕಗಳ ಎಸೆತಗಳು ಒಂದಾದ ಮೇಲೊಂದು ತಪ್ಪುತ್ತ ಹೋಗಿ, ಸತತ 27 ಎಸೆತಗಳು ರಿಂಗ್‌ನೊಳಗೆ ಬೀಳಲಿಲ್ಲ. ಇಡೀ ಪಂದ್ಯದಲ್ಲಿ ಅಂತಹ 44 ಎಸೆತಗಳಲ್ಲಿ ಬಿದ್ದವು ಏಳು ಮಾತ್ರ. ಆ ರಾತ್ರಿಯ ಸೋಲನ್ನು ನೋಡಿ ಪದ್ಧತಿಯನ್ನೇ ಕಿತ್ತೆಸೆಯಬೇಕು ಎಂದವರಿದ್ದಾರೆ. ನಾನು ಅವರ ಜೊತೆಗಿಲ್ಲ. ಅದೇ ಪದ್ಧತಿಯಿಂದ ಆ ತಂಡ ಆ ವರ್ಷ 82ರಲ್ಲಿ 65 ಪಂದ್ಯಗಳನ್ನು ಗೆದ್ದಿತ್ತು. ಅಂದು ತಪ್ಪಿದ ಎಸೆತಗಳಲ್ಲಿ ಅನೇಕವು ವರ್ಷವಿಡೀ ಬಿದ್ದಂತಹ ಎಸೆತಗಳೇ ಆಗಿದ್ದವು. ಮುಖ್ಯ ಆಟಗಾರ ಕ್ರಿಸ್ ಪಾಲ್ ಗಾಯಗೊಂಡು ಹೊರಗೆ ಕುಳಿತಿದ್ದರು. ಪದ್ಧತಿ ಒಳ್ಳೆಯ ಎಸೆತಗಳನ್ನು ಹುಟ್ಟಿಸುತ್ತಿದ್ದು ಅವು ಬೀಳದಿದ್ದರೆ ಕೋಚ್‌ಗೆ ಬೇಕಾದದ್ದು ತಾಳ್ಮೆ. ಒಳ್ಳೆಯ ಎಸೆತಗಳೇ ಹುಟ್ಟದಿದ್ದರೆ ತಾಳ್ಮೆಯಿಂದ ಏನೂ ಆಗುವುದಿಲ್ಲ. ಈ ಎರಡು ಸ್ಥಿತಿಗಳನ್ನು ಬೇರೆ ಬೇರೆಯಾಗಿ ಗುರುತಿಸಲಾರದ ಕೋಚ್ ಬದಲಿಸಿದರೂ ಕಷ್ಟ, ಬದಲಿಸದಿದ್ದರೂ ಕಷ್ಟ.

ಆ ರಾಕೆಟ್ಸ್ ತಂಡದ ಕೋಚ್ ಆಗಿದ್ದವರು ಮೈಕ್ ಡಾಂಟೋನಿ. ನಮ್ಮ ಪ್ರಶ್ನೆಯ ಎರಡೂ ಮುಖಗಳನ್ನು ಒಬ್ಬರೇ ಅನುಭವಿಸಿದವರು ಅವರು ಎಂದು ನನಗೆ ಅನ್ನಿಸಿದೆ. 2004–05ರಲ್ಲಿ ಫೀನಿಕ್ಸ್ ಸನ್ಸ್ ತಂಡವನ್ನು ಅವರು ಓಟದ ಆಟಕ್ಕೆ ಇಳಿಸಿದರು. ಚೆಂಡು ಸಿಕ್ಕ ಕೂಡಲೇ ಮುನ್ನುಗ್ಗುವುದು, ಎದುರಾಳಿ ನೆಲೆಯೂರುವ ಮೊದಲೇ ಎಸೆಯುವುದು, ಇದೇ ಅದರ ತಿರುಳು. ಹಿಂದಿನ ವರ್ಷ 29 ಪಂದ್ಯಗಳನ್ನಷ್ಟೇ ಗೆದ್ದಿದ್ದ ತಂಡ ಆ ವರ್ಷ 62 ಗೆದ್ದಿತು. ಅದನ್ನು ನಡೆಸಿದ ಗಾರ್ಡ್ ಸ್ಟೀವ್ ನ್ಯಾಶ್ ಅವರಿಗೆ ವರ್ಷದ ಅತ್ಯುತ್ತಮ ಆಟಗಾರನೆಂಬ ಮನ್ನಣೆ ಸಿಕ್ಕಿತು. ಇಂತಹ ಯಶಸ್ಸು ಕಂಡ ಕೋಚ್‌ಗೆ ತನ್ನ ಪದ್ಧತಿಯ ಮೇಲೆ ನಂಬಿಕೆ ಬೆಳೆಯುವುದು ಸಹಜ.

2012ರ ನವೆಂಬರ್‌ನಲ್ಲಿ ಅವರು ಲಾಸ್ ಏಂಜಲೀಸ್ ಲೇಕರ್ಸ್ ತಂಡಕ್ಕೆ ಬಂದರು. ಆ ತಂಡದಲ್ಲಿ ನ್ಯಾಶ್ ಇದ್ದರು, ಆದರೆ 38ರ ವಯಸ್ಸಿನವರು, ಋತುವಿನ ಎರಡನೆಯ ಪಂದ್ಯದಲ್ಲೇ ಕಾಲಿಗೆ ಪೆಟ್ಟು ಮಾಡಿಕೊಂಡವರು. ಕೋಬಿ ಬ್ರಯಂಟ್ ಇದ್ದರು. ರಿಂಗ್‌ನ ಬಳಿ ಆಡುವ ಇಬ್ಬರು ದೊಡ್ಡಾಳುಗಳು, ಡ್ವೈಟ್ ಹೊವಾರ್ಡ್ ಮತ್ತು ಪಾವ್ ಗಸೋಲ್, ಇದ್ದರು. ಓಡುವ ಕಾಲುಗಳು ಮಾತ್ರ ಇರಲಿಲ್ಲ. ಗಸೋಲ್ ಅವರ ವಿಷಯವನ್ನೇ ನೋಡಿ. ಏಳು ಅಡಿಯ ಎತ್ತರ, ರಿಂಗ್‌ಗೆ ಬೆನ್ನು ಹಾಕಿ ಚೆಂಡು ಹಿಡಿದರೆ ತಾವೂ ಅಂಕ ಗಳಿಸಬಲ್ಲವರು, ನುಗ್ಗಿ ಬರುವ ಜೊತೆಗಾರನಿಗೆ ನೋಡದೆಯೇ ಪಾಸ್ ಕೊಡಬಲ್ಲವರು. ಅದೇ ಲೇಕರ್ಸ್ ತಂಡ 2009 ಮತ್ತು 2010ರಲ್ಲಿ ಚಾಂಪಿಯನ್ ಆದಾಗ ಆಕ್ರಮಣದ ಕೀಲು ಅವರ ಕೈಯಲ್ಲಿತ್ತು. ಹೊಸ ಪದ್ಧತಿಯಲ್ಲಿ ಅವರು ಎಷ್ಟೋ ಸಲ ರಿಂಗ್‌ನಿಂದ ದೂರ, ಮೂರು ಅಂಕಗಳ ಗೆರೆಯ ಬಳಿ, ಚೆಂಡು ಬರಲಿ ಎಂದು ಕಾಯುತ್ತ ನಿಂತಿರಬೇಕಾಯಿತು. ಒಂದು ಹಂತದಲ್ಲಿ ಬೆಂಚಿನಿಂದ ಎದ್ದು ಬರುವ ಆಟಗಾರರಾದರು. ಆ ದೃಶ್ಯ ನನಗೆ ಇವತ್ತಿಗೂ ಬೇಸರ ತರುತ್ತದೆ. ಜನವರಿಯ ಕೊನೆಯ ಹೊತ್ತಿಗೆ ತಂಡ 42 ಪಂದ್ಯಗಳಲ್ಲಿ 17 ಗೆದ್ದು 25 ಸೋತಿತ್ತು. ಆಮೇಲೆ ಓಟದ ಹಟ ಸಡಿಲವಾಯಿತು, ಆಟ ನಿಧಾನವಾಯಿತು, ಬ್ರಯಂಟ್ ಎಸೆಯುವುದಕ್ಕಿಂತ ಪಾಸ್ ಕೊಡುವುದಕ್ಕೆ ಹೆಚ್ಚು ಮನಸ್ಸು ಮಾಡಿದರು. ಉಳಿದ 40 ಪಂದ್ಯಗಳಲ್ಲಿ ಅದೇ ತಂಡ 28 ಗೆದ್ದಿತು.

ಇದೇ ಡಾಂಟೋನಿ ಹ್ಯೂಸ್ಟನ್‌ಗೆ ಹೋದ ಮೇಲೆ, ಅಲ್ಲಿ ಜೇಮ್ಸ್ ಹಾರ್ಡನ್ ಅವರಂತಹ ಆಟಗಾರ ಇದ್ದುದರಿಂದ, ಚೆಂಡನ್ನು ಒಬ್ಬರ ಕೈಗೆ ಕೊಟ್ಟು ಎದುರಾಳಿಯ ಜೊತೆ ಒಂಟಿಯಾಗಿ ಸೆಣಸಲು ಬಿಡುವ ಆಟವನ್ನು ಕಟ್ಟಿದರು. ಫೀನಿಕ್ಸ್‌ನಲ್ಲಿ ಹೆಸರು ತಂದುಕೊಟ್ಟ ಆಟಕ್ಕೆ ಅದು ಬಹುಮಟ್ಟಿಗೆ ವಿರುದ್ಧ. ಎಸೆತ ಹೊರಗಿನಿಂದ ಇಲ್ಲವೇ ರಿಂಗ್‌ನ ಬುಡದಿಂದ ಬರಬೇಕು, ನಡುವೆ ಜಾಗ ಖಾಲಿ ಇರಬೇಕು ಎಂಬ ಮೂಲ ನಂಬಿಕೆಯನ್ನು ಅವರು ಬಿಡಲಿಲ್ಲ. ಬಿಟ್ಟದ್ದು ವೇಗವನ್ನು. ಪದ್ಧತಿಯಲ್ಲಿ ಯಾವುದು ಬೇರು, ಯಾವುದು ರೆಂಬೆ ಎಂದು ತಿಳಿದ ಮೇಲೆ ರೆಂಬೆ ಕಡಿಯಲು ಕೈ ಹಿಂಜರಿಯುವುದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ. ಅದನ್ನು ಯಾವ ಸೋಲೂ ಕಲಿಸುವ ಮೊದಲೇ ಪಾಲಿಸಿದವರು ಜಾನ್ ವುಡನ್. ಕ್ಯಾಲಿಫೋರ್ನಿಯಾದ ಯುಸಿಎಲ್‌ಎ ವಿಶ್ವವಿದ್ಯಾಲಯದ ತಂಡವನ್ನು 1964ರಿಂದ 1975ರವರೆಗಿನ 12 ವರ್ಷಗಳಲ್ಲಿ 10 ಸಲ ರಾಷ್ಟ್ರೀಯ ಕಾಲೇಜು ಚಾಂಪಿಯನ್ ಮಾಡಿದವರು ಅವರು. 1964ರ ಮೊದಲ ಪ್ರಶಸ್ತಿ ಬಂದಾಗ ಮೊದಲ ಐವರಲ್ಲಿ ಆರು ಅಡಿ ಐದು ಅಂಗುಲಕ್ಕಿಂತ ಎತ್ತರದವರು ಯಾರೂ ಇರಲಿಲ್ಲ. ಸೆಂಟರ್ ಆಟಗಾರನನ್ನು ಫ್ರೀ ಥ್ರೋ ಗೆರೆಯ ಹತ್ತಿರ ನಿಲ್ಲಿಸಿ, ರಿಂಗ್‌ನ ಬುಡವನ್ನು ಖಾಲಿ ಬಿಟ್ಟು, ಉಳಿದವರು ಅಲ್ಲಿಗೆ ನುಗ್ಗುವ ಹೈ ಪೋಸ್ಟ್ ಆಟ ಅವರದು. ಎರಡು ಪ್ರಶಸ್ತಿ ಗೆದ್ದುಕೊಟ್ಟ ಆಟ ಅದು. ಆಗ ತಂಡಕ್ಕೆ ಬಂದವನು ಲ್ಯೂ ಆಲ್ಸಿಂಡರ್, ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂದು ಜಗತ್ತಿಗೆ ಪರಿಚಿತನಾದ ಏಳಡಿಗೂ ಮೀರಿದ ಹುಡುಗ. ಅವನನ್ನು ಫ್ರೀ ಥ್ರೋ ಗೆರೆಯ ಬಳಿ ನಿಲ್ಲಿಸುವುದೆಂದರೆ ಅವನ ಎತ್ತರವನ್ನು ರಿಂಗ್‌ನಿಂದ ದೂರ ಇಟ್ಟಂತೆ. ವುಡನ್ ತಾವು ವರ್ಷಗಟ್ಟಲೆ ಕಲಿಸಿದ ಆಟವನ್ನು ಪಕ್ಕಕ್ಕಿಟ್ಟು, ಅವನನ್ನು ರಿಂಗ್‌ನ ಪಕ್ಕದ ಲೋ ಪೋಸ್ಟ್‌ನಲ್ಲಿ ನಿಲ್ಲಿಸಿ ಹೊಸ ಆಟವನ್ನು ಹೆಣೆದರು. ಮೂರು ವರ್ಷಗಳಲ್ಲಿ ತಂಡ ಸೋತದ್ದು ಎರಡೇ ಪಂದ್ಯಗಳನ್ನು. ಅವನು ಓದು ಮುಗಿಸಿ ಹೋದ ಮೇಲೆ ಅವರು ಮತ್ತೆ ಹೈ ಪೋಸ್ಟ್ ಆಟಕ್ಕೆ ಮರಳಿ 1970ರಲ್ಲೂ ಗೆದ್ದರು. ಹೋದದ್ದೂ ಹಿಂತಿರುಗಿದ್ದೂ ಎರಡೂ ಕೈಯಲ್ಲಿರುವ ಆಟಗಾರರನ್ನು ನೋಡಿಯೇ. ಪಾದದ ಗತಿ, ಪಾಸಿನ ನಿಖರತೆ, ಅಭ್ಯಾಸದ ಶಿಸ್ತು, ಇವುಗಳಲ್ಲಿ ಮಾತ್ರ ಅವರು ಕೂದಲೆಳೆಯಷ್ಟೂ ಸಡಿಲ ಬಿಡಲಿಲ್ಲ.

ಇದಕ್ಕೆ ವಿರುದ್ಧವಾದ ಕಥೆ ನ್ಯೂಯಾರ್ಕ್ ನಿಕ್ಸ್ ತಂಡದ್ದು. ಟೆಕ್ಸ್ ವಿಂಟರ್ ಎಂಬ ಹಿರಿಯ ಕೋಚ್ ಬೆಳೆಸಿದ ಟ್ರಯಾಂಗಲ್ ಆಟದಿಂದ ಫಿಲ್ ಜಾಕ್ಸನ್ ಶಿಕಾಗೊದಲ್ಲಿ ಆರು, ಲಾಸ್ ಏಂಜಲೀಸ್‌ನಲ್ಲಿ ಐದು, ಒಟ್ಟು 11 ಚಾಂಪಿಯನ್‌ಶಿಪ್ ಗೆದ್ದರು. ಒಂದು ಬದಿಯಲ್ಲಿ ಮೂವರು ತ್ರಿಕೋನವಾಗಿ, ಇನ್ನೊಂದು ಬದಿಯಲ್ಲಿ ಇಬ್ಬರು ನಿಂತು, ಎದುರಾಳಿ ಬಿಟ್ಟ ಜಾಗವನ್ನು ನೋಡಿ ಮುಂದಿನ ಹೆಜ್ಜೆ ಇಡುವ ಸೊಗಸಾದ ಆಟ ಅದು. ನನಗೆ ಅದರ ಮೇಲೆ ತುಂಬು ಪ್ರೀತಿಯಿದೆ. 2014ರಲ್ಲಿ ಜಾಕ್ಸನ್ ನಿಕ್ಸ್ ತಂಡದ ಆಡಳಿತದ ಮುಖ್ಯಸ್ಥರಾಗಿ ಬಂದು ಅದೇ ಆಟವನ್ನು ಅಲ್ಲಿಯೂ ತರಲು ಹೊರಟರು. ಮೊದಲ ಪೂರ್ಣ ಋತುವಿನಲ್ಲಿ ತಂಡ 82 ಪಂದ್ಯಗಳಲ್ಲಿ ಗೆದ್ದದ್ದು 17 ಮಾತ್ರ. ಮೂರು ವರ್ಷಗಳಲ್ಲಿ ಕೋಚ್‌ಗಳು ಬದಲಾದರು, ಆಟಗಾರರು ಬದಲಾದರು, ಟ್ರಯಾಂಗಲ್ ಬೇಕು ಎಂಬ ಒತ್ತಾಯ ಮಾತ್ರ ಬದಲಾಗಲಿಲ್ಲ. 2017ರಲ್ಲಿ ಜಾಕ್ಸನ್ ಹೊರನಡೆದರು. ಶಿಕಾಗೊದಲ್ಲಿ ಆ ಆಟದ ಒಳಗೆ ಮೈಕಲ್ ಜೋರ್ಡಾನ್ ಇದ್ದರು, ಲಾಸ್ ಏಂಜಲೀಸ್‌ನಲ್ಲಿ ಶಕೀಲ್ ಒನೀಲ್ ಮತ್ತು ಬ್ರಯಂಟ್ ಇದ್ದರು ಎಂದು ಹೇಳಿ ಇದನ್ನು ತಳ್ಳಿಹಾಕಿಬಿಡಬಹುದು. ಆದರೆ ಇನ್ನೊಂದು ವಿಷಯವೂ ಇದೆ. ಶಿಕಾಗೊದಲ್ಲಿ ದೊಡ್ಡ ಸೆಂಟರ್ ಇಲ್ಲದಿದ್ದಾಗ ಪೋಸ್ಟ್‌ನಲ್ಲಿ ಜೋರ್ಡಾನ್ ಅವರನ್ನೇ ನಿಲ್ಲಿಸಿ, ಲಾಸ್ ಏಂಜಲೀಸ್‌ಗೆ ಬಂದಾಗ ಅದೇ ಜಾಗಕ್ಕೆ ಒನೀಲ್ ಅವರನ್ನು ತಂದವರು ಇದೇ ಜಾಕ್ಸನ್. ಅಂದು ತ್ರಿಕೋನ ಆಟಗಾರರಿಗಾಗಿ ಬಾಗಿತ್ತು.

ಪದ್ಧತಿಯನ್ನು ಹಿಡಿದು ನಿಲ್ಲುವವರ ಮಾತಿನಲ್ಲಿಯೂ ಹುರುಳಿದೆ, ಅದನ್ನು ಮರೆಮಾಡಲಾರೆ. ಐದು ಜನರು ಒಂದೇ ಕ್ಷಣದಲ್ಲಿ ಒಂದೇ ಬಗೆಯಾಗಿ ಯೋಚಿಸುವುದು ಅಭ್ಯಾಸದಿಂದ ಮಾತ್ರ ಬರುತ್ತದೆ, ಅದಕ್ಕೆ ತಿಂಗಳುಗಳು ಬೇಕು. ಪ್ರತಿ ಸೋಲಿನ ಮರುದಿನ ಹೊಸ ಆಟ ಕಲಿಸುವ ಕೋಚ್‌ನ ಬಳಿ ಆಟಗಾರರಿಗೆ ಯಾವ ಆಟವೂ ಮೈಗೂಡುವುದಿಲ್ಲ. ತಮ್ಮ ಕೋಚ್‌ಗೇ ನಂಬಿಕೆ ಇಲ್ಲದ್ದನ್ನು ಅವರೇಕೆ ನಂಬಬೇಕು? ಎನ್‌ಬಿಎ ತಂಡವಾದರೆ ವಾರಕ್ಕೆ ಮೂರು ನಾಲ್ಕು ಪಂದ್ಯ, ನಡುವೆ ಪ್ರಯಾಣ. ಋತುವಿನ ನಡುವೆ ಹೊಸ ಪದ್ಧತಿಯನ್ನು ಮೊದಲಿನಿಂದ ಕಲಿಸಲು ಸಮಯವೇ ಇರುವುದಿಲ್ಲ.

ಆದ್ದರಿಂದಲೇ ಬದಲಾವಣೆ ಚಿಕ್ಕದಾಗಿರಬೇಕು, ಚೆಂಡು ನಿಲ್ಲುವ ಜಾಗದಲ್ಲೇ ಆಗಬೇಕು ಎಂದು ನಾನು ಹೇಳುವುದು. ಮೊದಲ ಪಾಸ್ ಸಿಗದಿದ್ದರೆ ಆಟವನ್ನು ಇನ್ನೊಂದು ಬದಿಯಿಂದ ಶುರು ಮಾಡಬಹುದು, ಅಥವಾ ಆ ಪಾಸ್ ಹಿಡಿಯುವವನಿಗೆ ಒಂದು ಸ್ಕ್ರೀನ್ ಕೊಡಿಸಬಹುದು, ಅಂದರೆ ಅವನನ್ನು ಕಾಯುವ ಎದುರಾಳಿಯ ದಾರಿಗೆ ಜೊತೆಗಾರನೊಬ್ಬನನ್ನು ಅಡ್ಡ ನಿಲ್ಲಿಸಬಹುದು. ಹೊರಗಿನಿಂದ ಎಸೆಯಲು ಬಾರದವನು ಮೂಲೆಯಲ್ಲಿ ನಿಂತಿರುವುದರಿಂದ ಎದುರಾಳಿ ಅವನನ್ನು ಬಿಟ್ಟು ರಿಂಗ್ ಕಾಯುತ್ತಿದ್ದರೆ, ಅವನ ಕೈಯಲ್ಲೇ ಸ್ಕ್ರೀನ್ ಹಾಕಿಸಿದರೆ ಆ ಎದುರಾಳಿ ಹೊರಗೆ ಬರಲೇಬೇಕಾಗುತ್ತದೆ. ಆಟಗಾರರು ಕಲಿತ ಹೆಜ್ಜೆಗಳು ಹಾಗೆಯೇ ಉಳಿಯುತ್ತವೆ, ಬದಲಾಗುವುದು ಬಾಗಿಲು ಮಾತ್ರ. ಇಂತಹ ತಿದ್ದುಪಡಿಗೆ ಎರಡು ದಿನದ ಅಭ್ಯಾಸ ಸಾಕು. ಅದರ ಫಲವನ್ನು ಅಳೆಯುವಾಗಲೂ ಗೆದ್ದೆವೋ ಸೋತೆವೋ ಎಂಬುದಕ್ಕಿಂತ ಮೊದಲು, ಕೈ ಅಡ್ಡವಿಲ್ಲದೆ ಎಸೆಯುವ ಅವಕಾಶಗಳು ಹೆಚ್ಚಿದವೇ ಎಂಬುದನ್ನು ಎಣಿಸಬೇಕು.

ಎಷ್ಟು ಚಿಕ್ಕ ಬದಲಾವಣೆ ಎಷ್ಟು ದೂರ ಹೋಗಬಹುದು ಎಂಬುದನ್ನು 2014ರ ಎನ್‌ಬಿಎ ಫೈನಲ್‌ನಲ್ಲಿ ಕಂಡೆವು. ಸ್ಯಾನ್ ಆಂಟೋನಿಯೊ ಸ್ಪರ್ಸ್ ಸೋಲುತ್ತಿದ್ದ ತಂಡವೇನೂ ಆಗಿರಲಿಲ್ಲ. ಮಿಯಾಮಿ ಹೀಟ್ ವಿರುದ್ಧ ಎರಡು ಪಂದ್ಯಗಳ ನಂತರ ಒಂದೊಂದರ ಸಮಬಲವಿತ್ತು. ಮೂರನೆಯ ಪಂದ್ಯಕ್ಕೆ ಕೋಚ್ ಗ್ರೆಗ್ ಪೊಪೊವಿಚ್ ಮೊದಲ ಐವರಲ್ಲಿ ಒಬ್ಬರನ್ನು ಮಾತ್ರ ಬದಲಿಸಿದರು. ಟಿಯಾಗೊ ಸ್ಪ್ಲಿಟರ್ ಅವರ ಜಾಗಕ್ಕೆ ಬೋರಿಸ್ ಡಿಯಾವ್ ಬಂದರು. ಹೆಚ್ಚು ನೆಗೆಯದ, ಹೆಚ್ಚು ಓಡದ, ಆದರೆ ಚೆಂಡು ಕೈಗೆ ಬಂದ ಕ್ಷಣವೇ ಅದು ಮುಂದೆ ಎಲ್ಲಿಗೆ ಹೋಗಬೇಕೆಂದು ಬಲ್ಲ ಆಟಗಾರ. ಎರಡು ವರ್ಷಗಳ ಹಿಂದೆ, 66 ಪಂದ್ಯಗಳಲ್ಲಿ 7 ಮಾತ್ರ ಗೆದ್ದ ಶಾರ್ಲೆಟ್ ತಂಡ ಅವರನ್ನು ಋತು ಮುಗಿಯುವ ಮೊದಲೇ ಬಿಟ್ಟುಕೊಟ್ಟಿತ್ತು. ಆ ಮೂರನೆಯ ಪಂದ್ಯದ ಮೊದಲ ಅರ್ಧದಲ್ಲೇ ಸ್ಪರ್ಸ್ 71 ಅಂಕ ಗಳಿಸಿತು. ಮುಂದಿನ ಎರಡು ಪಂದ್ಯಗಳನ್ನೂ ಗೆದ್ದು ಚಾಂಪಿಯನ್ ಆಯಿತು.

ನಮಸ್ಕಾರ.