ಬಿ.ಎಡ್. ಆಯ್ತು, ಎಂ.ಎಡ್. ಯಾಕೆ?

ಬಿ.ಎಡ್. ಓದುತ್ತಿರುವ ಗೆಳೆಯರೇ, ಸ್ವಲ್ಪ ಹೊತ್ತಿಗೆ ಮುಂಚೆ ನಿಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತಾ ಕೂತಿದ್ದೆ. ನಿಮ್ಮಲ್ಲೇ ಒಬ್ಬರು ಬಂದು ಕೇಳಿದರು: "ಸರ್, ಎಂ.ಎಡ್. ಮಾಡಿದ್ರೆ ಹೈಸ್ಕೂಲಲ್ಲಿ ಕೆಲಸ ಬೇಗ ಸಿಗುತ್ತಾ?" ನಾನು "ಇಲ್ಲಮ್ಮ" ಅಂದೆ. ಪಾಪ, ಮುಖ ಸಪ್ಪಗಾಯಿತು. ಬರೆದುಕೊಂಡು ಬಂದ ಭಾಷಣವನ್ನು ಬ್ಯಾಗಿನಲ್ಲೇ ಬಿಟ್ಟು, ಆ ಪ್ರಶ್ನೆಗೇ ಸರಿಯಾಗಿ ಉತ್ತರ ಹೇಳೋಣ ಅಂತ ಎದ್ದು ಬಂದಿದ್ದೇನೆ.

ಹೈಸ್ಕೂಲ್ ಮೇಷ್ಟ್ರಾಗಲು ಬೇಕಾಗಿರುವುದು ಡಿಗ್ರಿ ಮತ್ತು ಬಿ.ಎಡ್. ಅಲ್ಲಿಗೆ ಮುಗಿಯಿತು. ಎಂ.ಎಡ್. ಅಂದರೆ ದೊಡ್ಡ ಬಿ.ಎಡ್. ಅಲ್ಲ, ಅದು ಬೇರೆ ಕೆಲಸಕ್ಕೆ, ಅಂದರೆ ಮೇಷ್ಟ್ರಾಗುವವರಿಗೆ ಪಾಠ ಹೇಳುವ ಕೆಲಸಕ್ಕೆ ಇರುವ ಕೋರ್ಸು. ನಂಬಿಕೆ ಬರದಿದ್ದರೆ ಇಂಟರ್ನ್‌ಶಿಪ್ಪಿಗೆ ಎಲ್ಲಿಗೆ ಕಳಿಸುತ್ತಾರೆ ಅಂತ ನೋಡಿ. ಬಿ.ಎಡ್.ನಲ್ಲಿ ನಿಮ್ಮನ್ನು ಶಾಲೆಗೆ ಕಳಿಸುತ್ತಾರೆ: ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ. ಎಂ.ಎಡ್.ನಲ್ಲಿ ಕಳಿಸುವುದು ಬಿ.ಎಡ್. ಕಾಲೇಜಿಗೆ, ಇಲ್ಲವೇ ಪ್ರಾಥಮಿಕ ಶಾಲೆಯ ಮೇಷ್ಟ್ರಾಗುವವರು ಓದುವ ಡಿ.ಎಡ್. ಕಾಲೇಜಿಗೆ. ಇನ್ಯಾರೋ ಅಭ್ಯಾಸ ಪಾಠ ಮಾಡುತ್ತಿರುತ್ತಾರೆ, ನೀವು ಹಿಂದಿನ ಬೆಂಚಿನಲ್ಲಿ ಕೂತು ಅವರ ಪಾಠ ಯೋಜನೆ ಪುಸ್ತಕದಲ್ಲಿ ಷರಾ ಬರೆಯುತ್ತಿರುತ್ತೀರಿ. ಈಗ ನೀವು ಮನಸ್ಸಿನಲ್ಲೇ ಬೈದುಕೊಳ್ಳುವ ಆ ಕೆಂಪು ಪೆನ್ನು ನಿಮ್ಮ ಕೈಗೇ ಬರುತ್ತದೆ, ಅಷ್ಟೇ.

ನಮ್ಮ ಕಾಲದಲ್ಲಿ ಎರಡೂ ಒಂದೊಂದೇ ವರ್ಷದವು. ಮಹಾರಾಷ್ಟ್ರದ ಡಿ.ಎಡ್. ಕಾಲೇಜುಗಳಿಗೆ ಮಾನ್ಯತೆ ಕೊಟ್ಟ ರೀತಿ ಸರಿಯಿಲ್ಲ ಎಂಬ ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ಕೋರ್ಟು 2011ರಲ್ಲಿ, ಶಿಕ್ಷಕರ ಶಿಕ್ಷಣವನ್ನೇ ಪರಿಶೀಲಿಸಲು ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ಆಯೋಗ ನೇಮಿಸಿತು. 2012ರಲ್ಲಿ ವರದಿ ಬಂತು. ಅದರ ಬೆನ್ನಿಗೆ, ಶಿಕ್ಷಕರ ಶಿಕ್ಷಣಕ್ಕೆ ನಿಯಮ ಮಾಡುವ ಕೇಂದ್ರ ಸಂಸ್ಥೆಯಾದ ಎನ್‌ಸಿಟಿಇ 2014ರಲ್ಲಿ ಹೊಸ ನಿಯಮ ಮಾಡಿತು, 2015ರಿಂದ ಎರಡೂ ಕೋರ್ಸು ಎರಡೆರಡು ವರ್ಷದವಾದವು. ಜಾಸ್ತಿ ಸಿಕ್ಕಿದ ಆ ಒಂದು ವರ್ಷವನ್ನು ಎಷ್ಟು ಕಾಲೇಜುಗಳು ಸರಿಯಾಗಿ ಬಳಸಿಕೊಂಡವು ಅನ್ನುವುದನ್ನು ನಾನು ಇಲ್ಲಿ ಹೇಳಲು ಹೋದರೆ ಜಗಳವೇ ಆದೀತು, ಬಿಡಿ.

ಆ ನಿಯಮದಲ್ಲಿ ಎಂ.ಎಡ್. ಪೇಪರುಗಳು ಎರಡು ಪಾಲು. ಸುಮಾರು 60% ಎಲ್ಲರಿಗೂ ಒಂದೇ: ಶಿಕ್ಷಣದ ತತ್ವಶಾಸ್ತ್ರ, ಮನೋವಿಜ್ಞಾನ, ಸಮಾಜಶಾಸ್ತ್ರ, ಸಂಶೋಧನಾ ವಿಧಾನ, ಶಿಕ್ಷಕರ ಶಿಕ್ಷಣ. ಉಳಿದ 40% ನೀವು ಆರಿಸಿಕೊಂಡ ಹಂತದ್ದು, ಅಂದರೆ ಪ್ರಾಥಮಿಕ ಅಥವಾ ಪ್ರೌಢ. ಡಿಸರ್ಟೇಷನ್, ಅಂದರೆ ಸಂಶೋಧನೆ ಮಾಡಿ ಬರೆಯುವ ಪ್ರಬಂಧ, ಅದೂ ಈ ಪಾಲಿನಲ್ಲೇ ಬರುತ್ತದೆ. ವರ್ಷಕ್ಕೆ ಕನಿಷ್ಠ 200 ದಿನ ಕಾಲೇಜು ನಡೆಯಬೇಕು. ಸೇರಲು ಬಿ.ಎಡ್.ನಲ್ಲಿ 50% ಬೇಕು. ಡಿ.ಎಡ್. ಜೊತೆ ಡಿಗ್ರಿ ಮಾಡಿದವರೂ ಸೇರಬಹುದು, ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ.

ನನ್ನ ಲೆಕ್ಕದಲ್ಲಿ ಇಡೀ ಕೋರ್ಸಿನ ಜೀವ ಇರುವುದು ಡಿಸರ್ಟೇಷನ್‌ನಲ್ಲಿ. ಅದನ್ನೇ ನಾವು ಹಾಳು ಮಾಡಿಕೊಂಡಿದ್ದೇವೆ. ನನ್ನದರ ಕಥೆ ಕೇಳಿ. ಗೈಡ್ ಹತ್ತಿರ ಹೋದೆ. ಬೀರು ತೆಗೆದು ಹಳೆಯ ಡಿಸರ್ಟೇಷನ್ ಒಂದನ್ನು ಕೈಗಿಟ್ಟರು. "ಜಿಲ್ಲೆ ಬದಲಾಯಿಸು, ಸಾಕು" ಅಂದರು. ಹೀಗೆ ಹುಟ್ಟಿದ್ದು ನನ್ನ ವಿಷಯ. ಇಂಥ ಜಿಲ್ಲೆಯ ಪ್ರೌಢಶಾಲಾ ವಿದ್ಯಾರ್ಥಿಗಳ ಅಧ್ಯಯನ ಅಭ್ಯಾಸಗಳು, ಕೊನೆಗೆ "ಒಂದು ಅಧ್ಯಯನ". ಗಂಡು ಹೆಣ್ಣು ಹೋಲಿಸಿದೆ, ಹಳ್ಳಿ ಪೇಟೆ ಹೋಲಿಸಿದೆ, ಅನುದಾನಿತ ಅನುದಾನರಹಿತ ಹೋಲಿಸಿದೆ. ಎರಡು ಗುಂಪುಗಳ ಸರಾಸರಿ ಹೋಲಿಸುವ ಟಿ-ಟೆಸ್ಟ್ ಲೆಕ್ಕ ಹಾಕಿದೆ. ಗಮನಾರ್ಹ ವ್ಯತ್ಯಾಸವಿಲ್ಲ ಅಂತ ಬಂತು. ಚಿನ್ನದ ಬಣ್ಣದ ಅಕ್ಷರ ಹಾಕಿಸಿ ಬೈಂಡ್ ಮಾಡಿಸಿದೆ. ಆಮೇಲೆ ಅದನ್ನು ಓದಿದವರು ಯಾರೂ ಇಲ್ಲ, ನಾನೂ ಸೇರಿದಂತೆ. ನಗಬೇಡಿ, ಈಗಲೂ ಬೀರುಗಳು ಹಾಗೇ ಇವೆ. ನಿಯಮದ ಪ್ರಕಾರ ಒಬ್ಬ ಗೈಡ್‌ಗೆ 5 ಜನ ವಿದ್ಯಾರ್ಥಿಗಳು. 50 ಸೀಟಿಗೆ 10 ಜನ ಅಧ್ಯಾಪಕರು ಇರಲಿ ಅಂದಿರುವುದು ಅದಕ್ಕೇ. ಸೇರುವ ಮೊದಲು ಕಾಲೇಜಿನಲ್ಲಿ ನಿಜವಾಗಿ ಎಷ್ಟು ಜನ ಇದ್ದಾರೆ ಅಂತ ಹೋಗಿ ನೋಡಿ. ಕಟ್ಟಡ ಆಮೇಲೆ ನೋಡಿದರಾಯಿತು.

ಇನ್ನೊಂದು ದಾರಿ ಎಂ.ಎ. ಎಜುಕೇಷನ್. ಇದು ಅರ್ಥಶಾಸ್ತ್ರ, ಇತಿಹಾಸದ ಎಂ.ಎ. ಇದ್ದಂತೆ, ಶಿಕ್ಷಣವನ್ನು ಒಂದು ವಿಷಯವಾಗಿ ಓದುವುದು. ಬಿ.ಎಡ್. ಇಲ್ಲದವರೂ ಸೇರಬಹುದು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಇದು ಎರಡು ವರ್ಷದ ಕೋರ್ಸು. ಪಠ್ಯಪುಸ್ತಕ ತಯಾರಿ, ಸ್ವಯಂಸೇವಾ ಸಂಸ್ಥೆಗಳ ಕೆಲಸ, ಸಂಶೋಧನೆ ಇಷ್ಟವಿದ್ದವರಿಗೆ ಒಳ್ಳೆಯದು. ಆದರೆ ಇದೊಂದನ್ನೇ ಹಿಡಿದುಕೊಂಡು ಶಾಲೆಯ ಮೇಷ್ಟ್ರ ಕೆಲಸ ಕೇಳಿದರೆ "ಬಿ.ಎಡ್. ಎಲ್ಲಿ?" ಅಂತಾರೆ. ನಮ್ಮ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯದ್ದು ಮೂರನೇ ರೀತಿ. 1963ರಲ್ಲಿ ಶುರುವಾದ ಸಂಸ್ಥೆ ಅದು. ಅಲ್ಲಿ ಪಿ.ಯು.ಸಿ. ಮುಗಿಸಿ ಹೋಗಿ, ವಿಜ್ಞಾನವನ್ನೂ ಬೋಧನೆಯನ್ನೂ ಒಟ್ಟಿಗೆ ಕಲಿತು, 6 ವರ್ಷಕ್ಕೆ ಎಂ.ಎಸ್ಸಿ.ಎಡ್. ಮುಗಿಸುವ ಕೋರ್ಸು ನಡೆದುಕೊಂಡು ಬಂದಿದೆ.

ಈಗ ಕೆಲಸದ ಮಾತು. ಬಿ.ಎಡ್. ಕಾಲೇಜಿನಲ್ಲಿ ವಿಜ್ಞಾನವನ್ನೋ ಕನ್ನಡವನ್ನೋ ಕಲಿಸುವ ವಿಧಾನ ಹೇಳಿಕೊಡಲು ಬರೀ ಎಂ.ಎಡ್. ಸಾಲದು. ಆ ವಿಷಯದಲ್ಲಿ ಎಂ.ಎಸ್ಸಿ. ಅಥವಾ ಎಂ.ಎ. ಕೂಡ ಬೇಕು, ಎರಡರಲ್ಲೂ 55%. ಎಂ.ಎಡ್. ಕೈಯಲ್ಲಿಟ್ಟುಕೊಂಡು, ಎಂ.ಎ. ಇಲ್ಲದೆ ಕೂತವರನ್ನು ನಾನು ತುಂಬಾ ನೋಡಿದ್ದೇನೆ. ಯಾರೂ ಅವರಿಗೆ ಮೊದಲೇ ಹೇಳಿರಲಿಲ್ಲ.

ಟೀ ಹೊತ್ತಿಗೆ ಪ್ರಶ್ನೆ ಕೇಳಿದವರು ಆಮೇಲೆ ಇನ್ನೊಂದು ಮಾತು ಹೇಳಿದರು. ಇಂಟರ್ನ್‌ಶಿಪ್ಪಿಗೆ ಹೋದ ಶಾಲೆಯಲ್ಲಿ, ಏಳನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಬಂದ ಮಕ್ಕಳು ವಿಜ್ಞಾನದ ಪಿರಿಯಡ್ಡಿನಲ್ಲಿ ಬಾಯೇ ಬಿಡುವುದಿಲ್ಲವಂತೆ. ಅದೇ ಮಕ್ಕಳು ಹೊರಗೆ ಕಾರಿಡಾರಿನಲ್ಲಿ ಕನ್ನಡದಲ್ಲಿ ಸರಿಯಾಗಿ ಉತ್ತರ ಹೇಳುತ್ತಾರಂತೆ. ನೋಡಿ ತಾಯಿ, ಅದು ನನ್ನ ಇಡೀ ಡಿಸರ್ಟೇಷನ್‌ಗಿಂತ ಒಳ್ಳೆಯ ವಿಷಯ. ಎರಡು ಮೂರು ವರ್ಷ ಪಾಠ ಮಾಡಿ. ಯಾವ ಮಗು ಯಾವಾಗ ಸುಮ್ಮನಾಯಿತು, ಮೇಷ್ಟ್ರು ಆಗ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದರು, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆ ನೋಟ್‌ಬುಕ್ ತುಂಬಿದ ಮೇಲೆ ಎಂ.ಎಡ್.ಗೆ ಅರ್ಜಿ ಹಾಕಿ. ಅಷ್ಟು ಹೊತ್ತಿಗೆ ಕೋರ್ಸು ಮತ್ತೆ ಬದಲಾಗಿರಬಹುದು. 2025ರ ಫೆಬ್ರುವರಿಯಲ್ಲಿ ಬಂದ ಎನ್‌ಸಿಟಿಇ ಕರಡು ನಿಯಮದಲ್ಲಿ ಒಂದು ವರ್ಷದ ಎಂ.ಎಡ್. ಮತ್ತೆ ತಲೆ ಎತ್ತಿದೆ. ಹಾಗಾಗಿ ಆ ವರ್ಷದ ಅಧಿಸೂಚನೆ ನೋಡಿಯೇ ಹಾಕಿ, ಸೀನಿಯರ್ ಹೇಳಿದ್ದನ್ನು ನಂಬಿಕೊಂಡಲ್ಲ. ನಾನು ಹೇಳಿದ್ದನ್ನೂ ನಂಬಿಕೊಂಡಲ್ಲ.