ಬೆಟ್ಟದ ಮೇಲಿನ ಪುಟ್ಟ ಆಸ್ಪತ್ರೆ

[ದೃಶ್ಯ: ಯಳಂದೂರಿನಿಂದ ಬೆಟ್ಟ ಹತ್ತುವ ರಸ್ತೆ, ಬೆಳಗಿನ ಮಂಜು]

ನಮಸ್ಕಾರ. ಬಿಳಿಗಿರಿರಂಗನ ಬೆಟ್ಟ ಅಂದ ಕೂಡಲೇ ನಮಗೆ ರಂಗನಾಥನ ಗುಡಿ, ಆನೆ, ಹುಲಿ ನೆನಪಾಗುತ್ತವೆ. ಇವತ್ತು ಅಲ್ಲಿನ ಒಂದು ಪುಟ್ಟ ಆಸ್ಪತ್ರೆಯ ಕಥೆ ಹೇಳುತ್ತೇನೆ.

1979ರಲ್ಲಿ ಡಾ. ಎಚ್. ಸುದರ್ಶನ್ ಇಲ್ಲಿಗೆ ಬಂದರು. ಬೆಂಗಳೂರು ಮೆಡಿಕಲ್ ಕಾಲೇಜಿನಲ್ಲಿ ಓದಿದವರು. ಚಿಕಿತ್ಸೆ ಶುರುವಾಗಿದ್ದು ಒಂದು ಗುಡಿಸಲಿನಲ್ಲಿ.

[ದೃಶ್ಯ: ಸೋಲಿಗರ ಪೋಡು, ರಾಗಿ ಹೊಲ]

ಇಲ್ಲಿನ ಗಿರಿಜನರು ಸೋಲಿಗರು. ಅವರು ವಾಸಿಸುವ ಪುಟ್ಟ ಊರಿಗೆ ಪೋಡು ಅನ್ನುತ್ತಾರೆ. 1974ರಲ್ಲಿ ಈ ಕಾಡು ವನ್ಯಧಾಮವಾಯಿತು. ಬೇಟೆ ನಿಂತಿತು, ಜಾಗ ಬದಲಿಸುತ್ತಾ ಮಾಡುತ್ತಿದ್ದ ಬೇಸಾಯವೂ ನಿಂತಿತು. ತಲೆಮಾರುಗಳಿಂದ ಉಣ್ಣುತ್ತಿದ್ದ ಊಟವೇ ಬದಲಾದರೆ ಆರೋಗ್ಯ ಹಾಗೇ ಉಳಿಯುತ್ತಾ? ಸುಮ್ನೆ ಮಾತ್ರೆ ಕೊಟ್ಟು ಕಳಿಸಿದರೆ ಆಗದು. ಹಾಗಾಗಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಹುಟ್ಟಿತು. ಆಸ್ಪತ್ರೆಯ ಜೊತೆಗೆ ಶಾಲೆಯೂ ಬಂತು.

ನನಗೆ ತುಂಬಾ ಇಷ್ಟವಾದದ್ದು ಹೆರಿಗೆಯ ವಿಷಯ. ಸೋಲಿಗ ಹೆಂಗಸರು ಹಿಂದಿನಿಂದಲೂ ಕುಕ್ಕರುಗಾಲಿನಲ್ಲಿ ಕೂತು ಹೆರುತ್ತಿದ್ದರು. ಕೂತಾಗ ಮಗುವಿನ ಭಾರ ಕೆಳಮುಖವಾಗಿರುತ್ತದೆ, ತಾಯಿಗೆ ಮುಕ್ಕಲು ಸುಲಭ. ಇದನ್ನು ಹಿಂದುಳಿದ ಪದ್ಧತಿ ಅಂತ ತಳ್ಳಿಹಾಕದೆ, ಇದರಿಂದ ಡಾಕ್ಟರುಗಳೇ ಕಲಿಯಬೇಕು ಅಂತ ಸುದರ್ಶನ್ ಹೇಳುತ್ತಾ ಬಂದಿದ್ದಾರೆ. ಕಲಿತು ಬಂದವರು ಹೀಗೆ ಹೇಳೋಕೆ ದೊಡ್ಡ ಮನಸ್ಸು ಬೇಕು, ಅಲ್ವಾ?

[ದೃಶ್ಯ: ಚಿತ್ರ — ದುಂಡನೆಯ ರಕ್ತಕಣ, ಕುಡುಗೋಲಿನಂತೆ ಬಾಗಿದ ರಕ್ತಕಣ]

ಇನ್ನೊಂದು ದೊಡ್ಡ ಕೆಲಸ ಸಿಕಲ್ ಸೆಲ್ ಕಾಯಿಲೆಯದ್ದು. ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಬರುವ ಕೈಕಾಲು ನೋವು ಮಕ್ಕಳನ್ನು ಹಿಂಡಿಹಾಕುತ್ತದೆ. ಇದು ಅಂಟುರೋಗವಲ್ಲ, ಯಾರ ತಪ್ಪೂ ಅಲ್ಲ. ಅಪ್ಪ, ಅಮ್ಮ ಇಬ್ಬರಿಂದಲೂ ಆ ಗುಣ ಬಂದರೆ ಮಾತ್ರ ಮಗುವಿಗೆ ಕಾಯಿಲೆ. ಒಬ್ಬರಿಂದ ಮಾತ್ರ ಬಂದವರು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತಾರೆ, ಅವರಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ರಕ್ತಪರೀಕ್ಷೆ ಮುಖ್ಯ. ಬೇಗ ಗೊತ್ತಾದರೆ ಹೈಡ್ರಾಕ್ಸಿಯೂರಿಯಾ ಮಾತ್ರೆಯಿಂದ ನೋವು ಬರುವುದು ಕಡಿಮೆಯಾಗುತ್ತದೆ. ನೀರು ಜಾಸ್ತಿ ಕುಡಿಯಬೇಕು, ಚಳಿಯಿಂದ ಮೈ ಕಾಪಾಡಿಕೊಳ್ಳಬೇಕು.

ಬೆಟ್ಟದ ಕೆಳಗೂ ಕೆಲಸ ಹಬ್ಬಿತು. ಕುಷ್ಠರೋಗ ಹೆಚ್ಚಿದ್ದ ಯಳಂದೂರು ತಾಲ್ಲೂಕಿಗಾಗಿ 1986ರಲ್ಲಿ ಸುದರ್ಶನ್ ಅವರ ಕರುಣಾ ಟ್ರಸ್ಟ್ ಶುರುವಾಯಿತು. 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರ ನಡೆಸುವ ಹೊಣೆಯೂ ಅದಕ್ಕೆ ಬಂತು.

[ದೃಶ್ಯ: ನರ್ಸ್ ಒಬ್ಬರು ಪೋಡಿನ ಕಡೆ ನಡೆಯುತ್ತಿರುವುದು]

ಬೆಟ್ಟದ ಮೇಲಿನ ಗಿರಿಜನ ಕಲ್ಯಾಣ ಕೇಂದ್ರ ಗಿರಿಜನ ಹುಡುಗಿಯರಿಗೇ ನರ್ಸ್ ತರಬೇತಿ ಕೊಟ್ಟಿತು. ಪೋಡಿನ ಬಸುರಿಗೆ ತನ್ನದೇ ಭಾಷೆ ಮಾತಾಡುವ ಹುಡುಗಿ ಬಂದು ಕೈ ಹಿಡಿದು ನಾಡಿ ನೋಡಿದರೆ, ಹೇಳೋಕೆ ನಾಚಿಕೆಪಡುತ್ತಿದ್ದ ನೋವೂ ಬಾಯಿಗೆ ಬರುತ್ತದೆ.