ಬಹುಸ್ಫಟಿಕ ಸೌರಕೋಶಗಳ ದಕ್ಷತೆ

ಕೇಳುಗರೆಲ್ಲರಿಗೂ ನಮಸ್ಕಾರ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆ ತೋಟದ ಮನೆಗಳ ಮಾಡಿನ ಮೇಲೆ ನೀಲಿ ಬಣ್ಣದ ಸೋಲಾರ್ ಪ್ಯಾನೆಲ್‌ಗಳನ್ನು ನೀವು ಕಂಡಿರುತ್ತೀರಿ. ಹತ್ತಿರ ಹೋಗಿ ನೋಡಿದರೆ ಆ ನೀಲಿ ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ. ಕೆಲವೆಡೆ ತಿಳಿಯಾಗಿ, ಕೆಲವೆಡೆ ಗಾಢವಾಗಿ, ಅಂಕುಡೊಂಕು ಅಂಚಿನ ಚೂರುಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತದೆ. ಆ ಒಂದೊಂದು ಚೂರೂ ಸಿಲಿಕಾನಿನ ಒಂದೊಂದು ಹರಳು. ಹೀಗೆ ಹಲವು ಹರಳುಗಳಿರುವುದರಿಂದಲೇ ಈ ಪ್ಯಾನೆಲ್ಲಿನ ಕೋಶಗಳಿಗೆ ಬಹುಸ್ಫಟಿಕ ಸೌರಕೋಶ ಎಂದು ಹೆಸರು. 1414 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಸಿಲಿಕಾನನ್ನು ಚೌಕಾಕಾರದ ಮೂಸೆಯಲ್ಲಿ ತಳದಿಂದ ಮೇಲಕ್ಕೆ ನಿಧಾನವಾಗಿ ಹೆಪ್ಪುಗಟ್ಟಿಸಿದಾಗ ಹರಳುಗಳು ಬೇರೆ ಬೇರೆ ದಿಕ್ಕುಗಳಿಗೆ ಮುಖಮಾಡಿ ಬೆಳೆಯುತ್ತವೆ. ಒಂದೇ ಹರಳನ್ನು ಎಳೆದು ಬೆಳೆಸುವುದಕ್ಕಿಂತ ಇದು ಅಗ್ಗದ ವಿಧಾನ. ಆದರೆ ಅದರ ಬೆಲೆಯನ್ನು ದಕ್ಷತೆಯಲ್ಲಿ, ಅಂದರೆ ಬಿದ್ದ ಬಿಸಿಲಿನಲ್ಲಿ ವಿದ್ಯುತ್ತಾಗುವ ಪಾಲಿನಲ್ಲಿ, ತೆರಬೇಕಾಗುತ್ತದೆ.

ಬಿಸಿಲು ಬಿದ್ದಾಗ ಸಿಲಿಕಾನಿನೊಳಗೆ ಬಿಡುಗಡೆಯಾಗುವ ಎಲೆಕ್ಟ್ರಾನು, ತಾನು ಬಿಟ್ಟುಬಂದಂಥ ಖಾಲಿ ಜಾಗಗಳೊಂದಿಗೆ ಮತ್ತೆ ಸೇರಿಕೊಳ್ಳುವ ಮೊದಲೇ ಕೋಶದ ಸಂಧಿಯನ್ನು, ಅಂದರೆ ಎರಡು ಬಗೆಯ ಸಿಲಿಕಾನ್ ಪದರಗಳು ಕೂಡುವ ಜಾಗವನ್ನು, ದಾಟಿದರೆ ಮಾತ್ರ ನಮಗೆ ವಿದ್ಯುತ್ತಾಗಿ ದೊರೆಯುತ್ತದೆ. ಎರಡು ಹರಳುಗಳು ಕೂಡುವ ಗಡಿಯಲ್ಲಿ ಪರಮಾಣುಗಳ ಬಂಧಗಳು ಅರ್ಧಕ್ಕೇ ನಿಂತಿರುತ್ತವೆ, ಕಬ್ಬಿಣದಂಥ ಕಲ್ಮಶಗಳೂ ಅಲ್ಲಿಯೇ ಬಂದು ಕೂರುತ್ತವೆ. ಗದ್ದೆಯ ಅಂಚಿನಲ್ಲಿ ಏಡಿ ಬಿಲ ಕೊರೆದರೆ ಕಟ್ಟಿದ ನೀರು ಕಾಣದಂತೆ ಸೋರಿಹೋಗುವ ಹಾಗೆ, ಹುಟ್ಟಿದ ಎಲೆಕ್ಟ್ರಾನುಗಳು ಈ ಗಡಿಗಳಲ್ಲಿ ನಷ್ಟವಾಗುತ್ತವೆ.

ಈ ಸೋರಿಕೆಯನ್ನು ತಡೆಯಲು ವಿಜ್ಞಾನಿಗಳು ಕಂಡುಕೊಂಡ ದಾರಿಗಳು ನನಗೆ ಬಹಳ ಮೆಚ್ಚುಗೆಯಾಗಿವೆ. ಕೋಶದಲ್ಲಿ ಸಂಧಿಯನ್ನು ರೂಪಿಸಲು 800 ಡಿಗ್ರಿಗೂ ಹೆಚ್ಚಿನ ಶಾಖದಲ್ಲಿ ರಂಜಕವನ್ನು ಹಾಯಿಸುವಾಗ, ಒಳಗೆ ಅಲೆಯುತ್ತಿರುವ ಕಬ್ಬಿಣ, ತಾಮ್ರದ ಪರಮಾಣುಗಳು ರಂಜಕ ತುಂಬಿದ ಮೇಲ್ಮೈಗೆ ಬಂದು ಸಿಕ್ಕಿಬೀಳುತ್ತವೆ. ಹೀಗೆ ಸಂಧಿಯ ಕೆಲಸದ ಜೊತೆಗೇ ಶುದ್ಧೀಕರಣವೂ ನಡೆದುಹೋಗುತ್ತದೆ. ಆಮೇಲೆ ಹೈಡ್ರೋಜನ್ ಬೆರೆತ ಸಿಲಿಕಾನ್ ನೈಟ್ರೈಡಿನ, ಸುಮಾರು 75 ನ್ಯಾನೋಮೀಟರ್ ದಪ್ಪದ ಪದರವನ್ನು ಮೇಲೆ ಲೇಪಿಸುತ್ತಾರೆ. ಬೆಳ್ಳಿಯ ಗೆರೆಗಳನ್ನು ಕೂರಿಸಲು ಕೋಶವನ್ನು ಕೆಲವೇ ಸೆಕೆಂಡು ಕುಲುಮೆಯಲ್ಲಿ ಹಾಯಿಸಿದಾಗ ಆ ಪದರದ ಹೈಡ್ರೋಜನ್ ಸಿಲಿಕಾನಿನೊಳಕ್ಕೆ ಇಳಿದು, ಹರಳಿನ ಗಡಿಗಳಲ್ಲಿ ಅರ್ಧಕ್ಕೆ ನಿಂತ ಬಂಧಗಳನ್ನು ಪೂರ್ಣಗೊಳಿಸುತ್ತದೆ. ಬರಿಯ ಸಿಲಿಕಾನ್ ಬೆಳಕಿನ ಮೂರನೆಯ ಒಂದು ಭಾಗವನ್ನು ಹಿಂದಕ್ಕೆ ಚೆಲ್ಲುತ್ತದೆ. ಆ ನಷ್ಟವನ್ನು ತಗ್ಗಿಸುವುದೂ, ಪ್ಯಾನೆಲ್ಲಿಗೆ ನೀಲಿ ಬಣ್ಣ ಕೊಡುವುದೂ ಇದೇ ಪದರ.

ಕೋಶದ ಹಿಂಬದಿಯಲ್ಲೂ ಇಂಥದೇ ನಷ್ಟವಿದೆ. ಅಲ್ಲಿ ಅಲ್ಯೂಮಿನಿಯಂ ಆಕ್ಸೈಡಿನಂಥ ಪದರವನ್ನು ಕೂರಿಸಿ, ಅಲ್ಲಲ್ಲಿ ಮಾತ್ರ ಲೋಹದ ಸಂಪರ್ಕ ಕೊಡುವ ವಿನ್ಯಾಸಕ್ಕೆ ಪರ್ಕ್ ಎಂದು ಹೆಸರು; ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಗ್ರೀನ್ ಅವರ ತಂಡ ಇಂಥ ಕೋಶವನ್ನು 1989ರಲ್ಲಿ ಪ್ರಕಟಿಸಿತು. ಅದೇ ವಿಶ್ವವಿದ್ಯಾಲಯ 1998ರಲ್ಲಿ ಬಹುಸ್ಫಟಿಕ ಕೋಶದಿಂದ ಶೇಕಡಾ 19.8ರಷ್ಟು ದಕ್ಷತೆ ಪಡೆಯಿತು. 2017ರಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ಬೇರೊಂದು ವಿನ್ಯಾಸದಿಂದ ಅದನ್ನು 22.3ಕ್ಕೆ ಏರಿಸಿತು. ಸಿಲಿಕಾನ್ ಕೋಶವೊಂದರ ಸೈದ್ಧಾಂತಿಕ ಮಿತಿಯೇ ಸುಮಾರು 29.4 ಎಂಬುದನ್ನು ನೆನೆದರೆ ಇದು ಸಣ್ಣ ಸಾಧನೆಯಲ್ಲ. ಹಾಗೆಂದು ಹೈಡ್ರೋಜನ್ ಅತಿಯಾದರೂ ಕಷ್ಟವೇ: ಬಿಸಿಲು ಮತ್ತು ಶಾಖಕ್ಕೆ ಒಡ್ಡಿಕೊಂಡ ಬಹುಸ್ಫಟಿಕ ಪರ್ಕ್ ಕೋಶಗಳು ಕಾಲಕ್ರಮೇಣ ಸೊರಗುವುದಕ್ಕೆ ಅದರ ಪಾತ್ರವೂ ಇದೆಯೆಂದು ಸಂಶೋಧಕರು ಶಂಕಿಸುತ್ತಾರೆ. ಆದ್ದರಿಂದ ಕುಲುಮೆಯ ಶಾಖವನ್ನು ಹದವಾಗಿ ಇಳಿಸುವುದೂ ಈಗ ತಂತ್ರಜ್ಞಾನದ ಭಾಗವಾಗಿದೆ.

ಇಷ್ಟು ಕಷ್ಟಪಟ್ಟು ಗಳಿಸಿದ ದಕ್ಷತೆ ನಮ್ಮ ಮಾಡಿನ ಮೇಲೆ ಸುಲಭವಾಗಿ ಕಳೆದುಹೋಗಬಾರದು. ಪ್ಯಾನೆಲ್ಲಿನ ಹಿಂದೆ ನಮೂದಿಸಿದ ವ್ಯಾಟ್ 25 ಡಿಗ್ರಿಯಲ್ಲಿ ಅಳೆದದ್ದು. ಕೋಶದ ಶಾಖ ಒಂದೊಂದು ಡಿಗ್ರಿ ಏರಿದಾಗಲೂ ಉತ್ಪಾದನೆ ಸುಮಾರು ಶೇಕಡಾ 0.4ರಷ್ಟು ಇಳಿಯುತ್ತದೆ, ಏಪ್ರಿಲ್ ಬಿಸಿಲಿಗೆ ಕೋಶ 60 ಡಿಗ್ರಿ ಮುಟ್ಟಿದರೆ ಶೇಕಡಾ 14ರಷ್ಟು ಹೋಯಿತು. ಆದ್ದರಿಂದ ಪ್ಯಾನೆಲ್ಲನ್ನು ಹಂಚಿಗೋ ತಗಡಿಗೋ ಅಂಟಿಸದೆ ಅಡಿಯಲ್ಲಿ ಗಾಳಿಯಾಡಲು ಜಾಗ ಬಿಡಬೇಕು. ನಮ್ಮಲ್ಲಿ ಅಡಿಕೆ ಸೋಗೆಯ ನೆರಳು ಇನ್ನೂ ದೊಡ್ಡ ತೊಂದರೆ, ಏಕೆಂದರೆ ಕೋಶಗಳು ಸಾಲಾಗಿ ಒಂದಕ್ಕೊಂದು ಜೋಡಿಸಿಕೊಂಡಿರುವುದರಿಂದ ಒಂದಕ್ಕೆ ಮುಸುಕಿದ ನೆರಳು ಇಡೀ ಸಾಲಿನ ವಿದ್ಯುತ್ತನ್ನು ತಡೆಯುತ್ತದೆ. ಅರವತ್ತು ಕೋಶಗಳ ಪ್ಯಾನೆಲ್ಲಿನಲ್ಲಿ ಉದ್ದುದ್ದಕ್ಕೆ ಮೂರು ಗುಂಪುಗಳಿದ್ದು, ಪ್ರತಿ ಗುಂಪಿಗೂ ಒಂದು ಬೈಪಾಸ್ ಡಯೋಡ್, ಅಂದರೆ ನೆರಳು ಬಿದ್ದ ಗುಂಪನ್ನು ಬಳಸಿ ವಿದ್ಯುತ್ತು ಮುಂದೆ ಹರಿಯಲು ಬದಲಿ ದಾರಿ ಕೊಡುವ ಬಿಡಿಭಾಗ, ಇರುತ್ತದೆ. ನೆರಳು ಕೆಳ ಅಂಚಿನಿಂದ ಏರಿಬರುವ ಜಾಗದಲ್ಲಿ ಪ್ಯಾನೆಲ್ಲನ್ನು ಅಡ್ಡಲಾಗಿ ಕೂರಿಸಿದರೆ ಮೊದಲಿಗೆ ಒಂದು ಗುಂಪು ಮಾತ್ರ ನಿಲ್ಲುತ್ತದೆ, ಉಳಿದೆರಡು ದುಡಿಯುತ್ತಲೇ ಇರುತ್ತವೆ.